ಬುಧವಾರ ಬೆಳಗ್ಗೆ ತುಂಡಾಗುತ್ತಿದ್ದ ಧ್ವನಿ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುತ್ತೇನೆ. ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ ಮೊದಲ ಫೋನ್ ನನಗೇ ಬರುತ್ತದೆ. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಶುರು ಮಾಡಿದ ಮೇಲೆ ಅವರವರ ಮನೆಯ ಇಂಟರ್ನೆಟ್ ತೊಂದರೆಯೂ ನನ್ನ ಪಾಲಿಗೆ ಬಂತು.

ಅವರಲ್ಲಿ ಟೆಸ್ಟಿಂಗ್ ಟೀಮಿನ ಒಬ್ಬ ಮೇಡಂ ಇದ್ದರು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ತಾಮ್ರದ ತಂತಿಯ ಹಳೇ ಬ್ರಾಡ್‌ಬ್ಯಾಂಡ್, ಡೌನ್‌ಲೋಡ್ 8 ಎಂಬಿಪಿಎಸ್, ಅಪ್‌ಲೋಡ್ 1ಕ್ಕಿಂತ ಕಡಿಮೆ. ಮನೆಯಲ್ಲಿ ಮೂರು ಕಂಪ್ಯೂಟರ್: ಆಫೀಸಿನದು, ಮಗಳ ಆನ್‌ಲೈನ್ ಕ್ಲಾಸಿನದು, ಮಾವನವರು ಅಡಿಕೆ ಲೆಕ್ಕ ಬರೆಯುವ ಡೆಸ್ಕ್‌ಟಾಪ್. ಮೂರೂ ವಿಂಡೋಸ್ 10.

ಒಂದು ಬುಧವಾರ ಬೆಳಗ್ಗೆ ಅವರ ಫೋನ್ ಬಂತು. "ಸರ್, ನಿನ್ನೆ ಸಂಜೆ ತನಕ ಚೆನ್ನಾಗಿತ್ತು. ಈಗ ಮೀಟಿಂಗಿನಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳ್ತಿದೆಯಂತೆ. ಅವರ ಮಾತು ಮಾತ್ರ ನನಗೆ ಸರಿಯಾಗೇ ಕೇಳ್ತಿದೆ."

ಕೊನೆಯ ಆ ವಾಕ್ಯವನ್ನು ನಾನು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ.

ರಿಮೋಟ್‌ನಲ್ಲಿ ಅವರ ಆಫೀಸ್ ಲ್ಯಾಪ್‌ಟಾಪ್ ನೋಡಿದೆ. ವಿಂಡೋಸ್ ಅಪ್‌ಡೇಟ್ ಡೌನ್‌ಲೋಡ್ ಆಗುತ್ತಿತ್ತು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸೆಕ್ಯುರಿಟಿ ಅಪ್‌ಡೇಟ್ ಬಿಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಗ್ಗೆ 10 ಗಂಟೆ. ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಅಷ್ಟೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಲಗಿರುತ್ತೇವೆ. ಮರುದಿನ ಬೆಳಗ್ಗೆ ತೆರೆದ ಕೂಡಲೇ, ಮೀಟಿಂಗ್ ಹೊತ್ತಿಗೇ, ಡೌನ್‌ಲೋಡ್ ಶುರು. 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 8 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಬರುವುದು 1 ಎಂಬಿ (ಮೆಗಾಬೈಟ್) ಅಷ್ಟೇ. ಒಂದು ಜಿಬಿ ಇಳಿಯಲು ಹದಿನೇಳು ನಿಮಿಷ ಬೇಕು, ಅದೂ ಪೂರ್ತಿ ಲೈನು ಅದಕ್ಕೇ ಕೊಟ್ಟರೆ. ಮೂರು ಕಂಪ್ಯೂಟರ್ ಒಟ್ಟಿಗೆ ಎಳೆದರೆ ಮುಕ್ಕಾಲು ಗಂಟೆ ದಾಟುತ್ತದೆ.

ಕಾರಣ ಸಿಕ್ಕಿತು ಅಂದುಕೊಂಡು ಅಪ್‌ಡೇಟ್‌ಗೆ 35 ದಿನ ತಾತ್ಕಾಲಿಕ ತಡೆ (ಪಾಜ್) ಹಾಕಿದೆ. ಸ್ವಲ್ಪ ಹೊತ್ತಿಗೆ ಮಾತು ಸರಿಯಾಯಿತು. ದೂರಿನ ಟಿಕೆಟ್ ಕ್ಲೋಸ್ ಮಾಡಿದೆ.

35 ದಿನ ಅಂದರೆ ಸರಿಯಾಗಿ ಐದು ವಾರ. ಬುಧವಾರ ನಿಲ್ಲಿಸಿದ್ದು ಬುಧವಾರವೇ ಎದ್ದಿತು. ಮತ್ತೆ ಪಾಜ್ ಹಾಕಲು ಹೋದರೆ, ಬಾಕಿ ಇರುವ ಅಪ್‌ಡೇಟ್ ಹಾಕದೆ ವಿಂಡೋಸ್ ಬಿಡಲಿಲ್ಲ. ಅವತ್ತು ಮೇಡಂಗೆ ಕ್ಲೈಂಟ್ ಎದುರು ಡೆಮೊ ಇತ್ತು. ಅರ್ಧಕ್ಕೇ ಬೇರೆಯವರು ಮುಂದುವರಿಸಬೇಕಾಯಿತು. ಮೂರು ವಾರ ಕೂತು ತಯಾರಿ ಮಾಡಿದ ಡೆಮೊ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಆಗ ನಿಧಾನವಾಗಿ ಕೂತು ನೋಡಿದೆ. ಅವರ ಮಾತು ಹೋಗುತ್ತಿಲ್ಲ, ಆದರೆ ಆಚೆಯವರ ಮಾತು ಬರುತ್ತಿದೆ. ಅಂದರೆ ಕಟ್ಟಿಕೊಂಡಿರುವುದು ಅಪ್‌ಲೋಡ್ ಅಲ್ವಾ? ಆಫೀಸ್ ಲ್ಯಾಪ್‌ಟಾಪ್‌ನಿಂದ ಹೊರಗೆ ಹೋಗುತ್ತಿದ್ದದ್ದು ಏನೂ ಇಲ್ಲ. ಮಗಳ ಲ್ಯಾಪ್‌ಟಾಪ್‌ನಲ್ಲಿ ಯಾವ ಪ್ರೋಗ್ರಾಂ ಎಷ್ಟು ನೆಟ್ ಬಳಸುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಕಾಲಂ ಒತ್ತಿ, ಮೇಲಿನ ಸಾಲು ಓದಿ ಎಂದೆ. "ಸರ್ವಿಸ್ ಹೋಸ್ಟ್, ಡೆಲಿವರಿ ಆಪ್ಟಿಮೈಸೇಶನ್ ಅಂತಿದೆ ಸರ್. 0.7, 0.8 ಹೀಗೆ ಓಡ್ತಾ ಇದೆ."

ಇದ್ದ ಅಪ್‌ಲೋಡೆಲ್ಲ ಅಲ್ಲೇ ಹೋಗುತ್ತಿತ್ತು. ವಿಂಡೋಸ್ ತಾನು ಇಳಿಸಿಕೊಂಡ ಅಪ್‌ಡೇಟ್‌ನ ತುಣುಕುಗಳನ್ನು ಬೇರೆ ಕಂಪ್ಯೂಟರ್‌ಗಳಿಗೂ ಹಂಚಬಲ್ಲದು; ಡೆಲಿವರಿ ಆಪ್ಟಿಮೈಸೇಶನ್ ಅಂದರೆ ಇದೇ. ಆ ಲ್ಯಾಪ್‌ಟಾಪ್‌ನಲ್ಲಿ "ಇಂಟರ್ನೆಟ್‌ನಲ್ಲಿರುವ ಕಂಪ್ಯೂಟರ್‌ಗಳು" ಎಂಬ ಆಯ್ಕೆ ಆನ್ ಆಗಿತ್ತು. ಅದನ್ನು "ನನ್ನ ಲೋಕಲ್ ನೆಟ್‌ವರ್ಕ್ ಮಾತ್ರ" ಅಂತ ಬದಲಿಸಿದೆವು. ಉಳಿದೆರಡಕ್ಕೂ ಅದನ್ನೇ ಇಟ್ಟೆವು. ಈಗ ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಇನ್ನೆರಡು ಮನೆಯ ವೈಫೈನಲ್ಲೇ ಪಡೆಯಬಹುದು, ಅದೇ ಜಿಬಿಯನ್ನು ಮೂರು ಸಲ ಹೊರಗಿನಿಂದ ತರಿಸುವ ಕಷ್ಟ ಕಡಿಮೆ. ಸೌಲಭ್ಯ ತುಂಬಾ ಒಳ್ಳೆಯದೇ, ಎಲ್ಲಿಯವರೆಗೆ ಹಂಚಬೇಕು ಅನ್ನುವುದನ್ನು ನಾವು ಹೇಳಿರಬೇಕು.

ಈಗಿನ ವಿಂಡೋಸ್ 11ರಲ್ಲಿ ಇದು ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿದೆ. ಡೌನ್‌ಲೋಡ್‌ಗೆ ಇಷ್ಟೇ ಎಂಬಿಪಿಎಸ್ ಅಂತ ಮಿತಿ ಹಾಕುವುದೂ ಅಲ್ಲೇ. ಈ ಮನೆಗೆ ನಾನು 2 ಅಂತ ಕೊಟ್ಟೆ. ಫೋನಿನ ಹಾಟ್‌ಸ್ಪಾಟ್ ಬಳಸುವವರು ಆ ಕನೆಕ್ಷನ್ನನ್ನು "ಮೀಟರ್ಡ್" (ಡೇಟಾ ಲೆಕ್ಕವಿಟ್ಟು ಬಳಸಬೇಕಾದದ್ದು) ಅಂತ ಗುರುತು ಮಾಡಿಟ್ಟರೆ ಹೆಚ್ಚಿನ ಅಪ್‌ಡೇಟ್‌ಗಳು ಅಲ್ಲಿ ತಾವಾಗಿ ಇಳಿಯುವುದಿಲ್ಲ.

ತುಂಬಾ ಜನ ತಪ್ಪು ತಿಳಿದಿರುವ ಒಂದು ಸಂಗತಿಯಿದೆ. "ಆಕ್ಟಿವ್ ಅವರ್ಸ್" (ನಾವು ಕಂಪ್ಯೂಟರ್ ಬಳಸುವ ಹೊತ್ತು) ಹಾಕಿದರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಡೌನ್‌ಲೋಡ್ ನಡೆದೇ ನಡೆಯುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ನಾನು ಗ್ರೂಪ್ ಪಾಲಿಸಿಯಲ್ಲಿ (ಆಫೀಸಿನ ಕಂಪ್ಯೂಟರುಗಳಿಗೆಲ್ಲ ಒಂದೇ ಕಡೆಯಿಂದ ನಿಯಮ ಹಾಕುವ ಸೌಲಭ್ಯ) ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಹಿನ್ನೆಲೆಯ ಡೌನ್‌ಲೋಡ್‌ಗೆ ಶೇ. 20 ಅಂತ ಮಿತಿ ಹಾಕಿದೆ.

"ಇಷ್ಟೆಲ್ಲ ಯಾಕೆ ಸರ್, ಅಪ್‌ಡೇಟ್ ಪೂರ್ತಿ ಆಫ್ ಮಾಡಿಬಿಡಿ" ಅಂತ ಎಷ್ಟೋ ಜನ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ಸಿನ ದಾಳಿ ಶುರುವಾದಾಗ ಅದು ನುಗ್ಗಿದ ತೂತಿಗೆ ತೇಪೆ ಮಾರ್ಚ್ 14ರಂದೇ ಬಂದಿತ್ತು. ಸುಮಾರು ಎರಡು ತಿಂಗಳು ಕೈಯಲ್ಲಿತ್ತು. ಹಾಕಿಕೊಂಡವರು ಬಚಾವಾದರು. ಹಾಕದವರ ಕಂಪ್ಯೂಟರ್‌ಗಳಲ್ಲಿ ಫೈಲುಗಳಿಗೆ ಬೀಗ ಬಿತ್ತು. ಅಡಿಕೆ ಲೆಕ್ಕದ ಡೆಸ್ಕ್‌ಟಾಪ್ ಆದರೂ ಅಷ್ಟೇ, ಅದರೊಳಗೆ ಒಂದು ಮನೆಯ ಹತ್ತು ವರ್ಷದ ಲೆಕ್ಕವಿದೆ.

ಹಾಗಾಗಿ ನಾವು ಮಾಡಿದ್ದು ಹೊತ್ತು ಬದಲಿಸುವ ಕೆಲಸ. ಪ್ರತಿ ತಿಂಗಳ ಎರಡನೇ ಮಂಗಳವಾರ ಸಂಜೆ ಆರಕ್ಕೆ ಟೀಮಿನವರಿಗೆಲ್ಲ ನನ್ನಿಂದ ಒಂದು ಮೆಸೇಜ್ ಹೋಗುತ್ತದೆ: "ಇವತ್ತು ರಾತ್ರಿ ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ, ಸ್ಲೀಪ್ ಆಫ್ ಮಾಡಿ, ಮುಚ್ಚದೆ ಬಿಡಿ. ಮನೆಯವರದ್ದೂ." ಸಾಗರದ ಮೇಡಂ ಮೊದಲ ತಿಂಗಳು ಬುಧವಾರ ಬೆಳಗ್ಗೆ ಏಳಕ್ಕೇ ಉತ್ತರ ಕಳಿಸಿದ್ದರು: "ಮೂರೂ ಆಗಿದೆ ಸರ್. ಮಾವನವರದ್ದು ರೀಸ್ಟಾರ್ಟ್ ಕೇಳ್ತಿದೆ, ಕೊಡ್ಲಾ?"