ಕಾಲ್‌ಸೈನ್ ಹೇಳದ ದನಿ

ಹವ್ಯಾಸಿ ರೇಡಿಯೊ ಪರವಾನಗಿಯ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಈ ವಾರ ಮನೆಗೆ ಬಂದಿದ್ದ. 2011ರ ಮಾರ್ಚ್‌ನಲ್ಲಿ ಲಿಬಿಯಾದ ಮೇಲೆ ವಾಯುದಾಳಿ ಆರಂಭವಾದಾಗ ನೆದರ್ಲೆಂಡ್ಸ್‌ನ ಹವ್ಯಾಸಿಯೊಬ್ಬರು 6877 ಕಿಲೋಹರ್ಟ್ಸ್‌ನಲ್ಲಿ ಹಿಡಿದಿದ್ದ ಧ್ವನಿಮುದ್ರಣವನ್ನು ಅವನಿಗೆ ಕೇಳಿಸಿದೆ. ಲಿಬಿಯಾದ ಹಡಗುಗಳು ಬಂದರು ಬಿಡಬಾರದು, ಬಿಟ್ಟರೆ ತಕ್ಷಣ ದಾಳಿಗೆ ತುತ್ತಾಗಿ ನಾಶವಾಗುತ್ತವೆ ಎಂದು ಗೊರಗೊರ ಸದ್ದಿನ ನಡುವೆ ಒಂದು ದನಿ ಏರಿಳಿತವಿಲ್ಲದೆ ಓದುತ್ತದೆ. ಮುಗಿದ ಮೇಲೆ ಹುಡುಗ ಕೇಳಿದ್ದು ಇಷ್ಟೇ: "ಕಾಲ್‌ಸೈನ್ ಹೇಳಲೇ ಇಲ್ಲವಲ್ಲ, ಸಾರ್?"

ಮಾತಿನ ಮೊದಲಿಗೂ ಕೊನೆಗೂ ಕಾಲ್‌ಸೈನ್, ಅಂದರೆ ಪ್ರಸಾರ ಮಾಡುವವರ ಗುರುತಿನ ಸಂಕೇತ, ಹೇಳಬೇಕೆಂಬ ನಿಯಮವನ್ನು ಆಗಷ್ಟೇ ಬಾಯಿಪಾಠ ಮಾಡಿದ್ದವನ ಪ್ರಶ್ನೆ ಅದು. ಜೊತೆಗಿದ್ದ ನಮ್ಮ ಹಿರಿಯ ಮಿತ್ರರು ಜೋರಾಗಿ ನಕ್ಕರು. ಒಳ್ಳೆಯ ಆಪರೇಟರ್, ಆದರೆ ಅವರ ಪಾಲಿಗೆ ಯುದ್ಧವೂ ಸಂಗ್ರಹಿಸಬೇಕಾದ ಇನ್ನೊಂದು ಕ್ಯೂಎಸ್‌ಎಲ್ ಕಾರ್ಡು, ಅಂದರೆ ರೇಡಿಯೊ ಸಂಪರ್ಕವನ್ನು ದೃಢಪಡಿಸುವ ಅಂಚೆ ಕಾರ್ಡು. ನನಗೆ ನಗು ಬರಲಿಲ್ಲ. ಮುಳುಗಿಸುತ್ತೇವೆಂದು ಎಚ್ಚರಿಸುವವರಿಗೆ ತಾವು ಯಾರೆಂದು ಹೇಳಲು ಇದ್ದ ಅಡ್ಡಿಯಾದರೂ ಏನು?

ಹೇಳದೆ ಉಳಿದದ್ದನ್ನು ಹವ್ಯಾಸಿಗಳು ಪತ್ತೆ ಮಾಡಿದರು. ವಿಮಾನಗಳು ತಮ್ಮ ಗುರುತು ತಿಳಿಸಲು ಹೊರಡಿಸುವ ಟ್ರಾನ್ಸ್‌ಪಾಂಡರ್ ಸಂಕೇತಗಳನ್ನೂ ಪೈಲಟ್‌ಗಳ ಮಾತುಕತೆಯನ್ನೂ ಕಿವಿಗೊಟ್ಟು ಹಿಂಬಾಲಿಸಿ, ಇದು ಅಮೆರಿಕದ ಪೆನ್ಸಿಲ್ವೇನಿಯಾದ ಏರ್ ನ್ಯಾಷನಲ್ ಗಾರ್ಡ್ ಎಂಬ ಮೀಸಲು ವಾಯುಪಡೆಯ ಕಮಾಂಡೊ ಸೋಲೊ, ಅಂದರೆ ಪ್ರಸಾರಕ್ಕೆಂದೇ ಸಜ್ಜುಗೊಳಿಸಿದ ಇಸಿ-130ಜೆ ವಿಮಾನ, ಎಂದು ಗುರುತಿಸಿದರು. ಇಂದಾದರೆ ಜಿಪಿಎಸ್ ಗಡಿಯಾರಕ್ಕೆ ಹೊಂದಿಸಿದ ಕಿವಿಎಸ್‌ಡಿಆರ್ ಎಂಬ, ಇಂಟರ್‌ನೆಟ್ ಮೂಲಕ ಕೇಳಬಹುದಾದ ರೇಡಿಯೊ ರಿಸೀವರ್‌ಗಳು ಊರೂರಲ್ಲಿವೆ. ರೇಡಿಯೊ ಅಲೆ ಒಂದು ಮಿಲಿಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ಸಾಗುವುದರಿಂದ, ಒಂದೇ ಸಂಕೇತ ಮೂರು ಕಡೆ ತಲುಪಿದ ಹೊತ್ತಿನ ವ್ಯತ್ಯಾಸದಿಂದ ಮೂಲವನ್ನು ನಕ್ಷೆಯ ಮೇಲೆ ಗುರುತಿಸಬಹುದು. ಅಲೆ ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ಬಡಿದು ಬಳಸಿ ಬರುವುದರಿಂದ ಲೆಕ್ಕ ತುಸು ತಪ್ಪುವುದೂ ಉಂಟು. ಮೂಲವೇ ಹಾರಾಡುತ್ತಿದ್ದರೆ ಕೇಳುವುದೇ ಬೇಡ.

"ಕಾಲ್‌ಸೈನ್ ಹೇಳಲೇ ಇಲ್ಲವಲ್ಲ" ಎಂಬುದನ್ನು ಮೆಲುಕು ಹಾಕಿದಷ್ಟೂ ನನಗೆ 1942ರ ಮುಂಬಯಿ ನೆನಪಾಯಿತು. ಉಷಾ ಮೆಹ್ತಾ ಮತ್ತು ಸಂಗಡಿಗರು ಕ್ವಿಟ್ ಇಂಡಿಯಾ ಚಳವಳಿಯ ಗುಪ್ತ ಬಾನುಲಿಯಾದ ಕಾಂಗ್ರೆಸ್ ರೇಡಿಯೊವನ್ನು 42.34 ಮೀಟರ್ ತರಂಗಾಂತರದಲ್ಲಿ, ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತಾ ನಡೆಸಿದರು. ಮೂಲ ಹುಡುಕುವ ಇದೇ ವಿದ್ಯೆ ಅಲ್ಲಿ ಪೊಲೀಸರ ಕೈಯಲ್ಲಿತ್ತು. ನವೆಂಬರ್ 12ರಂದು ಸಿಕ್ಕಿಬಿದ್ದ ಉಷಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಹೀಗಾಗಿ ಹುಡುಕುವುದೆಲ್ಲವೂ ಪುಣ್ಯಕಾರ್ಯ ಎಂದು ನಾನು ಒಪ್ಪಲಾರೆ. ಹುಡುಕಿಸಿಕೊಂಡವರಿಗೆ ಆಮೇಲೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಕಮಾಂಡೊ ಸೋಲೊ ಬಯಲಾದಾಗ ಅದರ ಸಿಬ್ಬಂದಿ ಜೈಲಿಗೇನೂ ಹೋಗಲಿಲ್ಲ.

ಇದನ್ನು ಹೇಳಿದಾಗ ಹುಡುಗ ತಟ್ಟನೆ, "ಆದರೂ ಅವರು ಇದು ಕಾಂಗ್ರೆಸ್ ರೇಡಿಯೊ ಎಂದು ಹೆಸರು ಹೇಳುತ್ತಿದ್ದರಲ್ಲ, ಸಾರ್; ಮುಚ್ಚಿಟ್ಟದ್ದು ಜಾಗ ಮಾತ್ರ" ಎಂದ. ಹಿರಿಯ ಮಿತ್ರರು ಯುದ್ಧಕಾಲಕ್ಕೆ ಪರವಾನಗಿಯ ನಿಯಮ ಅನ್ವಯಿಸುವುದಿಲ್ಲವೆಂದು ಇನ್ನೂ ವಾದಿಸುತ್ತಲೇ ಇದ್ದಾರೆ.