ಮೊದಲು ಮಗುಚೋದು ಕಲೀರಿ

ಸಿಯಾಟಲ್‌ನಲ್ಲಿ ಮೇ ತಿಂಗಳ ಬಿಸಿಲು ಬಿತ್ತೆಂದರೆ ಕಾರಿನ ನೆತ್ತಿಗೆ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ಕಟ್ಟಿಕೊಂಡು ಹೊರಟವರೇ ಎಲ್ಲೆಲ್ಲೂ. ನಮ್ಮ ಕನ್ನಡದ ಗೆಳೆಯರೂ ಇದ್ದಾರೆ. ಹೊರಗೆ 24 ಡಿಗ್ರಿ ಇದ್ದರೆ ಟೀ ಶರ್ಟೇ ಸಾಕೆನ್ನಿಸುತ್ತದೆ. ಆದರೆ ಊರಿಗೆ ತಾಗಿದ ಪ್ಯೂಜೆಟ್ ಸೌಂಡ್‌ನ ಸಮುದ್ರದ ನೀರು ಆಗಲೂ 10-11 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.

ದಡದಲ್ಲಿ ನಿಂತು ಕೇಳಿದರೆ ಎಲ್ಲರದೂ ಒಂದೇ ಮಾತು. "ನಾವು ದೂರ ಹೋಗಲ್ಲ." "ಅಲೆ ಇದ್ರೆ ಇಳಿಯೋದೇ ಇಲ್ಲ." "ಇಷ್ಟು ವರ್ಷದಲ್ಲಿ ಒಂದ್ಸಲನೂ ಮಗುಚಿಲ್ಲ." ಕೊನೆಯ ಮಾತು ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಒಮ್ಮೆಯೂ ಮಗುಚದವರಿಗೆ ನಡುನೀರಿನಲ್ಲಿ ಮತ್ತೆ ದೋಣಿ ಹತ್ತುವುದು ಹೇಗೆಂದು ಗೊತ್ತಿರುವುದಾದರೂ ಹೇಗೆ? ಸಾವಿರಾರು ಡಾಲರ್ ಕೊಟ್ಟು ದೋಣಿ ಕೊಳ್ಳುತ್ತಾರೆ, ಅದನ್ನು ಕಲಿಯಲು ಒಂದು ಮಧ್ಯಾಹ್ನ ಕೊಡುವುದಿಲ್ಲ. ಲೈಫ್ ಜಾಕೆಟ್ ಬೆನ್ನ ಹಿಂದೆ ಹಗ್ಗದಡಿ ಸಿಕ್ಕಿಸಿರುತ್ತಾರೆ. ದೊಡ್ಡವರದು ದೋಣಿಯಲ್ಲಿದ್ದರೆ ಸಾಕೆನ್ನುತ್ತದೆ ಇಲ್ಲಿನ ಕಾನೂನು. ತಣ್ಣೀರಿನಲ್ಲಿ ತೇಲುತ್ತಾ ಅದನ್ನು ತೊಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಕಾನೂನು ಹೇಳುವುದಿಲ್ಲ.

ಊರ ಬಾವಿಯಲ್ಲಿ ಈಜು ಕಲಿತವನು ನಾನು. ಅದೇ ಧೈರ್ಯದಲ್ಲಿ ಎರಡು ಬೇಸಿಗೆ ಕಳೆದೆ. ಆಮೇಲೆ ತರಬೇತಿಗೆ ಸೇರಿದಾಗ ಗುರುಗಳು ಮೊದಲು ಹೇಳಿದ್ದೇ "ಬೇಕೆಂದೇ ಮಗುಚು" ಅಂತ. ಮಗುಚಿದೆ. ಎದೆಗೆ ಗುದ್ದಿದಂತಾಯಿತು. ದೋಣಿಯೊಳಗೆ ನೀರು ಬರದಂತೆ ಸೊಂಟಕ್ಕೆ ಬಿಗಿದು ದೋಣಿಯ ಬಾಯಿಗೆ ಮುಚ್ಚುವ ಸ್ಪ್ರೇ ಸ್ಕರ್ಟ್‌ನ ಮುಂದಿನ ಕುಣಿಕೆ ಎಳೆದರೆ ಹೊರಗೆ ಬರಬಹುದು. ಆದರೆ ತಲೆಕೆಳಗಾಗಿ, ಕಣ್ಣು ಮುಚ್ಚಿಕೊಂಡು, ಬೆರಳು ಆ ಕುಣಿಕೆಯನ್ನು ತಡಕಿದ್ದೇ ತಡಕಿದ್ದು. ಮೇಲೆ ಬಂದ ಮೇಲೆ, ಮತ್ತೆ ದೋಣಿ ಹತ್ತುವಾಗ ಆಸರೆಗೆಂದು ಹುಟ್ಟಿನ ತುದಿಗೆ ಸಿಕ್ಕಿಸುವ ಗಾಳಿಚೀಲ ಊದಬೇಕಿತ್ತು. ಬೆರಳು ಮರಗಟ್ಟಿ ಅದರ ಮುಚ್ಚಳ ತಿರುಗಲೇ ಇಲ್ಲ. ಪಕ್ಕದಲ್ಲಿ ಗುರುಗಳಿದ್ದರು, ಉಳಿದೆ.

ತಣ್ಣೀರಿಗೆ ಬಿದ್ದವರ ವಿಷಯದಲ್ಲಿ ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಲೆಕ್ಕ 1-10-1. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಆ 10 ನಿಮಿಷದಲ್ಲೇ ದೋಣಿ ಹತ್ತಬೇಕು. ಅದಾದ ಮೇಲೆ ಈಜು ಬಂದರೂ ಕೈ ಸೋಲುತ್ತದೆ.

ಮುಂದಿನ ಶನಿವಾರ ನಾಲ್ಕು ಮನೆಯವರು ಸಮ್ಮಾಮಿಶ್ ಸರೋವರಕ್ಕೆ ಹೋಗುತ್ತಿದ್ದೇವೆ. ಬುತ್ತಿಗೆ ಪುಳಿಯೋಗರೆ. ಬಿಚ್ಚುವ ಮೊದಲು ದಡದಿಂದ ಹತ್ತಡಿ ದೂರದಲ್ಲಿ ಪ್ರತಿಯೊಬ್ಬರೂ ಮಗುಚಿ, ಮತ್ತೆ ಹತ್ತಿ ತೋರಿಸಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ.