ಇಪ್ಪತ್ತೊಂದನೆಯ ವಚನದಿಂದ

ಉಡುಪಿ, ಆಗಸ್ಟ್ 25, 2024, ರವಿವಾರ

ಬೆಳಿಗ್ಗೆಯಿಂದ ಬಿಟ್ಟೂ ಬಿಡದ ಮಳೆ. ಆರಾಧನೆ ಮುಗಿಸಿ ಬಂದು ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಡುವಷ್ಟರಲ್ಲಿ ಅಕ್ಕನ ಮಗ ಬಂದ, ಜೊತೆಗೆ ಅವನ ದೊಡ್ಡಪ್ಪ. ಮುಂದಿನ ತಿಂಗಳು ಅವನ ಮದುವೆ. ಮದುವೆಯ ಆರಾಧನೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುವ ಕೆಲಸ ನನ್ನದೆಂದು ಮೊದಲೇ ನಿಶ್ಚಯವಾಗಿದೆ.

ಊಟದ ನಡುವೆ ಅವನು ಕೇಳಿದ: "ಮಾವ, ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಓದುವಾಗ 22ರಿಂದ 24ರವರೆಗೆ ಬಿಟ್ಟು 25ರಿಂದ ಶುರುಮಾಡಿದರೆ ಆದೀತೇ?"

ಕೇಳಿದವನು ಅವನಾದರೂ ಪ್ರಶ್ನೆ ಹುಡುಗಿಯದು. ಅವಳು ಮಣಿಪಾಲದಲ್ಲಿ ನರ್ಸ್. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಎಂಬ ಮಾತನ್ನು ತುಂಬಿದ ಸಭೆಯಲ್ಲಿ ತನ್ನ ಮುಖದೆದುರು ಓದುವುದನ್ನು ನೆನೆದರೇ ಅವಳಿಗೆ ಅಳುಕಂತೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಹೇಳಿದರು: "ಓದಬೇಕಾದದ್ದೇ ಅದು. ಈಗಿನ ಹುಡುಗಿಯರಿಗೆ ಆ ಮೂರು ವಚನ ಸಾಕು, ಉಳಿದದ್ದು ಬೇಕಾದರೆ ಬಿಡಿ." ನನಗೆ ಆಮೇಲೆ ಅನ್ನ ಇಳಿಯಲಿಲ್ಲ. ಹಿರಿಯರೆಂದು ಎದುರಾಡಲಿಲ್ಲ. "ನೋಡಿ ಹೇಳುತ್ತೇನೆ" ಎಂದಷ್ಟೇ ಹೇಳಿ ಅವರನ್ನು ಕಳುಹಿಸಿಕೊಟ್ಟೆ.

ಆ ಮೂರು ವಚನಗಳ ಹೆಸರೆತ್ತಿದರೆ ನನಗೆ ನಮ್ಮ ಹಳೆಯ ಮನೆಯ ಹಿತ್ತಿಲ ಬಾಗಿಲು ನೆನಪಾಗುತ್ತದೆ. ನನಗಾಗ ಹನ್ನೊಂದು ವರ್ಷ. ಒಂದು ರಾತ್ರಿ ನೆರೆಮನೆಯ ಚಿಕ್ಕಮ್ಮ ಆ ಬಾಗಿಲಲ್ಲಿ ನಿಂತಿದ್ದರು. ಬಳೆ ಒಡೆದು ಮುಂಗೈ ಕೊಯ್ದಿತ್ತು, ಮಣಿಕಟ್ಟು ಊದಿಕೊಂಡಿತ್ತು. ಅಮ್ಮ ಅವರನ್ನು ಒಳಗೆ ಕೂರಿಸಿ ಗಾಯ ತೊಳೆದರು. ಮರುದಿನ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಬಂದರು. ನಮ್ಮ ಚಾವಡಿಯಲ್ಲೇ ಕುಳಿತು 22ರಿಂದ 24ರವರೆಗೆ ಓದಿ, ಪುಸ್ತಕ ಮುಚ್ಚಿ, ಪ್ರಾರ್ಥನೆ ಮಾಡಿ, ಚಿಕ್ಕಮ್ಮನನ್ನು ಅದೇ ಮನೆಗೆ ಬಿಟ್ಟು ಬಂದರು. ಗಂಡಂದಿರು ಹೆಂಡತಿಯರನ್ನು ಪ್ರೀತಿಸಬೇಕು ಎನ್ನುವ 25ನೆಯ ವಚನ ಅದೇ ಪುಟದಲ್ಲಿತ್ತು. ಅದನ್ನು ಚಿಕ್ಕಮ್ಮನ ಗಂಡನ ಎದುರು ಯಾರೂ ಓದಲಿಲ್ಲ. ದೊಡ್ಡವನಾಗಿ ಸಭೆಯ ಕಮಿಟಿಯಲ್ಲಿ ಆರು ವರ್ಷ ಕುಳಿತಾಗ ನಾನೂ ಓದಲಿಲ್ಲ. ಅಂಥ ಮನೆಗಳ ಮಾತು ಬಂದಾಗೆಲ್ಲ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತದೆ.

ಮಧ್ಯಾಹ್ನ ಮಲಗಲಿಲ್ಲ. ಸತ್ಯವೇದ ತೆಗೆದು ಕುಳಿತೆ. ಹಲವು ಮುದ್ರಣಗಳಲ್ಲಿ 22ನೆಯ ವಚನದ ತಲೆಯ ಮೇಲೆ ಒಂದು ಶೀರ್ಷಿಕೆ ಇರುತ್ತದೆ. ಅದು ಪತ್ರ ಬರೆದ ಪೌಲನದಲ್ಲ, ಅಚ್ಚು ಹಾಕಿಸಿದವರದು. ಅಲ್ಲಿಂದ ಓದತೊಡಗಿದರೆ ಮೊದಲ ಮಾತೇ ಹೆಂಡತಿಗೆ ಆಜ್ಞೆಯ ಹಾಗೆ ಕೇಳಿಸುತ್ತದೆ. ಅದರ ಹಿಂದಿನ 21ನೆಯ ವಚನ ಹೇಳುವುದು ಕ್ರಿಸ್ತನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು. ಕೆಲವು ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 22ನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, 21ರ ಕ್ರಿಯಾಪದವನ್ನೇ ಅದು ನೆಚ್ಚಿಕೊಂಡಿದೆ. ಮಂಗಳೂರಿನ ಬಲ್ಮಠದಲ್ಲಿ ಒಮ್ಮೆ ಸಭಿಕರಿಗಾಗಿ ನಡೆದ ಸತ್ಯವೇದ ಅಧ್ಯಯನದಲ್ಲಿ ಅಧ್ಯಾಪಕರೊಬ್ಬರು ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದರು. 21ನ್ನು ಕಿತ್ತರೆ 22 ನಿಲ್ಲುವುದಿಲ್ಲ, ಬಳ್ಳಿಗೆ ಕೊಟ್ಟ ಚಪ್ಪರವನ್ನು ಕಿತ್ತ ಹಾಗೆ.

ಇನ್ನು ಎಣಿಸಿ ನೋಡಿದರೆ ಹೆಂಡತಿಗೆ ಹೇಳಿದ್ದು ಮೂರು ವಚನ, 33ರ ಕೊನೆಯಲ್ಲಿ ಇನ್ನೊಂದು ಮಾತು. ಗಂಡನಿಗೆ 25ರಿಂದ 33ರವರೆಗೆ. ಮನೆಯ ಯಜಮಾನನ ಮಾತೇ ಕೊನೆಯದಾಗಿದ್ದ ರೋಮನ್ನರ ಕಾಲದಲ್ಲಿ ಬರೆದ ಪತ್ರ ಇದು. ಹೆಂಡತಿಯನ್ನು ಅಂಕೆಯಲ್ಲಿ ಇಟ್ಟುಕೋ ಎಂಬ ಮಾತು ಗಂಡನಿಗೆ ಎಲ್ಲಿಯೂ ಇಲ್ಲ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸು ಎಂದಿದೆ. ಗಂಡನು ಹೆಂಡತಿಗೆ ತಲೆ ಎಂಬ 23ನೆಯ ವಚನದ ಮಾತನ್ನು ನಾನು ಒರೆಸಿಹಾಕಲಾರೆ, ಅದು ಅಲ್ಲಿದೆ, ನಾನು ಅದನ್ನು ನಂಬುತ್ತೇನೆ. ಆದರೆ ಆ ತಲೆಗೆ ಕೊಟ್ಟ ಮಾದರಿ ಶಿಷ್ಯರ ಕಾಲು ತೊಳೆದವನು, ಶಿಲುಬೆಗೆ ಹೋದವನು. ಕೈ ಎತ್ತುವವನು ಆ ಪದವನ್ನು ಬಾಯಲ್ಲಿ ಆಡಬಾರದು.

ಬಹಳ ಹೊತ್ತು ನಿಂತದ್ದು 29ನೆಯ ವಚನದಲ್ಲಿ. ಯಾರೂ ತನ್ನ ಶರೀರವನ್ನು ಹಗೆಮಾಡುವುದಿಲ್ಲ, ಅದನ್ನು ಪೋಷಿಸಿ ಕಾಪಾಡುತ್ತಾನೆ ಎಂಬ ಮಾತು. ಪೋಷಿಸು ಎಂಬಲ್ಲಿರುವ ಗ್ರೀಕ್ ಪದವೇ ಮುಂದಿನ ಅಧ್ಯಾಯದಲ್ಲಿ ಮಕ್ಕಳನ್ನು ಸಾಕುವುದಕ್ಕೆ ಬರುತ್ತದೆ. ಕಾಪಾಡು ಎಂಬಲ್ಲಿರುವ ಪದದ ಮೂಲ ಅರ್ಥ ಬೆಚ್ಚಗಿಡುವುದು. ಹೊಸ ಒಡಂಬಡಿಕೆಯಲ್ಲಿ ಅದು ಇನ್ನೊಂದೇ ಕಡೆ ಇದೆ: ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ, ತಾಯಿ ತನ್ನ ಮಕ್ಕಳನ್ನು ಕಾಪಾಡುವ ಹಾಗೆ ಎನ್ನುವಲ್ಲಿ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಗೂಡಿನಲ್ಲಿ ಕುಳಿತು ಮರಿಗಳಿಗೆ ಕಾವು ಕೊಡುವ ತಾಯಿಹಕ್ಕಿಗೆ ಅದೇ ಪದ. ಗಂಡನಿಗೆ ಕೊಟ್ಟ ಎರಡೂ ಕೆಲಸ ಉಣಿಸುವುದು, ಕಾವು ಕೊಡುವುದು.

ಅಪ್ಪನಿಗೆ ಗ್ರೀಕ್ ಗೊತ್ತಿರಲಿಲ್ಲ. ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋದ ಮೇಲೆ ಎರಡು ವರ್ಷ ಅವರು ಮಾಡಿದ್ದು ಇದನ್ನೇ. ಕುಚ್ಚಲಕ್ಕಿ ಗಂಜಿಯನ್ನು ಸೌಟಿನ ಬೆನ್ನಿನಿಂದ ಮಸೆದು ಮಸೆದು ನುಣ್ಣಗೆ ಮಾಡುತ್ತಿದ್ದರು. ಬಂಗುಡೆಯ ತುಂಡನ್ನು ಬಿಡಿಸಿ, ಮುಳ್ಳು ತೆಗೆದು, ಉಳಿದಿದೆಯೋ ಎಂದು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿ ನೋಡಿ ಆಮೇಲೆ ಬಾಯಿಗೆ ಇಡುತ್ತಿದ್ದರು. ರಾತ್ರಿ ಎಕ್ಕದ ಎಲೆಗೆ ಎಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ, ಆಮೇಲೆ ಅಮ್ಮನ ಭುಜಕ್ಕೆ ಶಾಖ ಕೊಡುತ್ತಿದ್ದರು. ಅಮ್ಮನ ಬಲಗೈ ಆಗಾಗ ಅವರ ತಲೆ ಸವರುತ್ತಿತ್ತು. ಯಾರು ಯಾರಿಗೆ ಅಧೀನರೆಂದು ಕೇಳುವ ಮನೆಯೇ ಆಗಿರಲಿಲ್ಲ ಅದು.

ಯೇಸುವಿನ ಶಿಷ್ಯ ಪೇತ್ರನ ಮಾತು ಇನ್ನೂ ಖಡಕ್ಕು. ಮೊದಲ ಪತ್ರದ ಮೂರನೆಯ ಅಧ್ಯಾಯ, ಏಳನೆಯ ವಚನ: ದೇವರು ಕೊಡುವ ಜೀವವರಕ್ಕೆ ಹೆಂಡತಿಯೂ ಗಂಡನ ಜೊತೆಗೆ ಹಕ್ಕುದಾರಳು, ಅವಳಿಗೆ ಮಾನ ಕೊಡಿರಿ, ಇಲ್ಲವಾದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ. ಅಂದು ನಮ್ಮ ಚಾವಡಿಯಲ್ಲಿ ಮಾಡಿದ ಆ ಪ್ರಾರ್ಥನೆಯನ್ನು ನೆನೆದೆ.

ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದಲ್ಲಿ ಮೊದಲ ಹೆಣ್ಣಿಗೆ ಬಳಸಿದ "ಸಹಕಾರಿ" ಪದದ ಬಗ್ಗೆಯೂ ಹುಡುಗಿಗೆ ಹೇಳಬೇಕೆಂದಿದೆ. ಸಹಾಯಕ್ಕೆ ಇಟ್ಟುಕೊಂಡ ಆಳು ಎಂದು ನಮ್ಮವರು ಅದನ್ನು ಕೇಳಿಸಿಕೊಳ್ಳುತ್ತಾರೆ. ಬೆಟ್ಟಗಳತ್ತ ಕಣ್ಣೆತ್ತಿ ನನ್ನ ಸಹಾಯ ಎಲ್ಲಿಂದ ಬರುವುದು ಎಂದು ಕೇಳುವ 121ನೆಯ ಕೀರ್ತನೆಯಲ್ಲಿ, ದೇವರಾದ ಯೆಹೋವನಿಂದಲೇ ಬರುವ ಸಹಾಯಕ್ಕೆ ಇರುವುದೂ ಅದೇ ಹೀಬ್ರೂ ಪದ. ಗಂಡು ಅವಳ ಮೇಲೆ ಆಳುವನು ಎಂಬ ಮಾತು ಬರುವುದು ಪಾಪ ಹೊಕ್ಕ ಮೇಲೆ, ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ.

ಸಂಜೆ ಅಳಿಯನಿಗೆ ಫೋನ್ ಮಾಡಿದೆ. "ಒಂದು ವಚನವನ್ನೂ ಬಿಡುವುದಿಲ್ಲ ಮಗ" ಎಂದಾಗ ಅವನು ಸುಮ್ಮನಾದ. "22ರಿಂದ ಶುರುಮಾಡುವುದೂ ಇಲ್ಲ. 21ರಿಂದ 33ರವರೆಗೆ ಓದುತ್ತೇನೆ. 25 ಬಂದಾಗ ತಲೆ ಎತ್ತಿ ನಿನ್ನ ಮುಖ ನೋಡಿ ಓದುತ್ತೇನೆ. ಅವಳಿಗೆ ಇದನ್ನು ಹೇಳು. ಆಮೇಲೂ ಮನಸ್ಸಿಗೆ ಸರಿ ಬರದಿದ್ದರೆ ಪಾದ್ರಿಗಳ ಹತ್ತಿರ ಮಾತಾಡಿ ಬೇರೆ ಭಾಗ ಆರಿಸೋಣ, ಅವಳ ಮದುವೆಯೂ ಹೌದಲ್ಲವೇ." ದೊಡ್ಡಪ್ಪನಿಗೆ ನಾನೇ ಹೇಳುತ್ತೇನೆಂದೂ ಹೇಳಿದೆ. ನಾಳೆ ಅವರ ಮನೆಗೆ ಹೋಗುವುದು.

ಈಗ ಹತ್ತು ಗಂಟೆ. ಹೆಂಡತಿಯ ಎದುರು ಒಮ್ಮೆ ಗಟ್ಟಿಯಾಗಿ ಓದಿದೆ. "29 ಬಂದಾಗ ಓಡುತ್ತೀರಿ, ಅಲ್ಲಿ ಸ್ವಲ್ಪ ನಿಲ್ಲಿ" ಎಂದಳು. ಇನ್ನೊಮ್ಮೆ ಓದಿದೆ. ಹುಡುಗಿಯ ಉತ್ತರ ಇನ್ನೂ ಬಂದಿಲ್ಲ, ಅವಳಿಗೆ ಇವತ್ತು ರಾತ್ರಿ ಪಾಳಿಯಂತೆ.